ಕಂಪನಿಯ ಗರಜು, ಮಕ್ಕಳ ಪ್ರಾಜೆಕ್ಟು

ಪ್ರತಿ ವರ್ಷ ಬೆಳಗಾವಿಯಲ್ಲಿ ಮಳೆ ಹಿಡಿಯುವ ಹೊತ್ತಿಗೆ ನನ್ನ ಫೋನು ಬಿಡುವಿಲ್ಲದೆ ಸದ್ದು ಮಾಡತೊಡಗುತ್ತದೆ. ಇಲ್ಲಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಪಾಠ ಹೇಳುವ ನನಗೆ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆರಿಸಿ ಹಂಚುವ ಕೆಲಸವೂ ಇದೆ. ಕರೆ ಮಾಡುವವರಲ್ಲಿ ಅರ್ಧದಷ್ಟು ತಂದೆ-ತಾಯಂದಿರು. "ಮೇಡಂ, ನಮ್ಮ ಹುಡುಗಗ ಯಾವುದಾದ್ರೂ ದೊಡ್ಡ ಕಂಪನಿ ಪ್ರಾಜೆಕ್ಟನ ಕೊಡಸ್ರಿ" ಎಂಬುದು ಅವರ ಕೋರಿಕೆ. ಉಳಿದವರು ಕಂಪನಿಗಳವರು. "ನಮ್ಮಲ್ಲಿ ಒಳ್ಳೇ ಪ್ರಾಜೆಕ್ಟ್ ಐತ್ರಿ, ನಾಲ್ಕು ಮಂದಿ ಶ್ಯಾಣ್ಯಾ ಹುಡುಗರನ್ನ ಕಳಸಿಕೊಡ್ರಿ" ಎಂದು ಅವರು ಕೇಳುತ್ತಾರೆ.

ಇಬ್ಬರೂ ಕೇಳುವುದು ಒಳ್ಳೆಯ ಪ್ರಾಜೆಕ್ಟನ್ನೇ. ಆದರೆ ಇಬ್ಬರ ಮನಸ್ಸಿನಲ್ಲಿರುವ 'ಒಳ್ಳೆಯದು' ಬೇರೆ ಬೇರೆ. ಕಂಪನಿಯವರಿಗೆ ತಮ್ಮ ಗರಜು ತೀರಬೇಕು. ಪಾಲಕರಿಗೆ ಮಗನ ಬಯೋಡೇಟಾದಲ್ಲಿ ದೊಡ್ಡ ಹೆಸರೊಂದು ಇರಬೇಕು. ನಡುವೆ ನಿಂತಿರುವ ಆ ನಾಲ್ಕು ಮಕ್ಕಳು ಒಂದು ವರ್ಷದಲ್ಲಿ ಏನು ಕಲಿಯುತ್ತಾರೆ ಎಂಬುದನ್ನು ಕೇಳುವವರು ಕಡಿಮೆ. ಅದನ್ನು ಕೇಳುವುದಕ್ಕೇ ಕಾಲೇಜು ನನ್ನನ್ನು ಕೂರಿಸಿದೆ ಎಂದುಕೊಂಡಿದ್ದೇನೆ.

ನಿಮ್ಮ ಮನೆಯಲ್ಲೂ ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಇರಬಹುದು, ಇಲ್ಲವೇ ಪಿಯುಸಿ ಮುಗಿಸಿ ಆ ಕಡೆ ನೋಡುತ್ತಿರುವವರು ಇರಬಹುದು. ಅದಕ್ಕೇ ಈ ಪ್ರಾಜೆಕ್ಟ್ ಎಂಬುದರ ಒಳಗನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ಮೂರು ವರ್ಷ ಮಕ್ಕಳು ಬರೆಯುವ ಪ್ರೋಗ್ರಾಂಗಳಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಲ್ಯಾಬ್ ಮ್ಯಾನ್ಯುಅಲ್‌ನಲ್ಲಿ ಪ್ರಶ್ನೆ, ಕೊನೆಗೆ ಬರಬೇಕಾದ ಉತ್ತರ ಎರಡೂ ಅಚ್ಚಾಗಿರುತ್ತವೆ. ಹೊರಗಿನ ಲೋಕದಲ್ಲಿ ಹಾಗಿಲ್ಲ. ಅಲ್ಲಿ ಪ್ರಶ್ನೆಯೇ ಸರಿಯಾಗಿ ಗೊತ್ತಿರುವುದಿಲ್ಲ. ನಾಲ್ಕು ಜನರಿಗೆ ಮನೆಯಲ್ಲಿ ಅಡುಗೆ ಮಾಡುವುದು ಬೇರೆ, ಮದುವೆ ಮನೆಯಲ್ಲಿ ಸಾವಿರ ಎಲೆಗೆ ಬಡಿಸುವುದು ಬೇರೆ. ಎರಡನೆಯದರಲ್ಲಿ ಕೈರುಚಿ ಇದ್ದರೆ ಸಾಲದು. ಲೆಕ್ಕ ಬೇಕು, ಆಳು ಬೇಕು, ಯಾವುದು ಮೊದಲು ಯಾವುದು ಆಮೇಲೆ ಎಂಬ ಯೋಜನೆ ಬೇಕು. ಪ್ರೋಗ್ರಾಂ ಬರೆಯುವುದಕ್ಕೂ ಸಾಫ್ಟ್‌ವೇರ್ ಎಂಜಿನಿಯರಿಂಗ್‌ಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಇದೇ. 1968ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ನ್ಯಾಟೋ ಆಶ್ರಯದಲ್ಲಿ ನಡೆದ ಸಮ್ಮೇಳನದ ನಂತರ ಈ ಹೆಸರು ಎಲ್ಲರ ಬಾಯಲ್ಲಿ ಓಡಾಡಿತು. ದೊಡ್ಡ ಸಾಫ್ಟ್‌ವೇರ್‌ಗಳು ಹೇಳಿದ ಸಮಯಕ್ಕೆ ಮುಗಿಯುತ್ತಿಲ್ಲ, ಮುಗಿದರೂ ನಂಬುವಂತಿಲ್ಲ ಎಂಬ ಚಿಂತೆಯಿಂದಲೇ ಅವತ್ತು ಆ ಜನ ಸೇರಿದ್ದು.

ಈ ಎರಡನೇ ಬಗೆಯ ಅಡುಗೆಯನ್ನು ಕಾಲೇಜಿನ ಗೋಡೆಯೊಳಗೆ ಕಲಿಸುವುದು ಕಷ್ಟ. ಅದಕ್ಕೇ ಹೊರಗಿನ ಒಂದು ಸಂಸ್ಥೆ ತನ್ನ ನಿಜವಾದ ತೊಂದರೆಯೊಂದನ್ನು ತಂದು ವಿದ್ಯಾರ್ಥಿಗಳ ಮುಂದಿಡುವ ಪದ್ಧತಿ ಬಂತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಹಾರ್ವಿ ಮಡ್ ಕಾಲೇಜಿನವರು 1963ರಲ್ಲೇ ಇದನ್ನು ಶುರು ಮಾಡಿದರು. ಅವರು ಇಟ್ಟ ಹೆಸರು ಕ್ಲಿನಿಕ್. ಮೆಡಿಕಲ್ ವಿದ್ಯಾರ್ಥಿ ನಿಜವಾದ ರೋಗಿಯ ಎದುರು ನಿಂತು ಕಲಿಯುವಂತೆ ಎಂಜಿನಿಯರಿಂಗ್ ವಿದ್ಯಾರ್ಥಿ ನಿಜವಾದ ಸಮಸ್ಯೆಯ ಎದುರು ನಿಂತು ಕಲಿಯಲಿ ಎಂಬುದು ಅದರ ಅರ್ಥ. ಅಲ್ಲಿ ಕಂಪನಿ ಕಾಲೇಜಿಗೆ ಶುಲ್ಕ ಕಟ್ಟುತ್ತದೆ, ತನ್ನ ಕಡೆಯಿಂದ ಒಬ್ಬ ಸಂಪರ್ಕಾಧಿಕಾರಿಯನ್ನು ನೇಮಿಸುತ್ತದೆ, ಕಾಲೇಜು ಒಬ್ಬ ಅಧ್ಯಾಪಕರನ್ನು ಜೊತೆಗೆ ಕೊಡುತ್ತದೆ.

ಹಣ ಕಟ್ಟುವವರು ಯಾರು ಎಂಬುದನ್ನು ಗಮನಿಸಿದಿರಲ್ಲ? ನಮ್ಮಲ್ಲಿ ಎಷ್ಟೋ ಸಲ ಗಂಗೆ ಮೇಲಕ್ಕೆ ಹರಿಯುತ್ತದೆ. 'ಇಂಡಸ್ಟ್ರಿ ಪ್ರಾಜೆಕ್ಟ್' ಎಂದು ಬೋರ್ಡು ಹಾಕಿಕೊಂಡು, ತರಬೇತಿ ಶುಲ್ಕ, ಸರ್ಟಿಫಿಕೇಟ್ ಶುಲ್ಕ ಎಂದು ಮಕ್ಕಳಿಂದಲೇ ಸಾವಿರಾರು ರೂಪಾಯಿ ಕಟ್ಟಿಸಿಕೊಳ್ಳುವ ಅಂಗಡಿಗಳಿವೆ. ಕೆಲವು ಕಡೆ ತಯಾರಾದ ಪ್ರೋಗ್ರಾಂ, ಬೈಂಡ್ ಮಾಡಿದ ರಿಪೋರ್ಟು, ವೈವಾದಲ್ಲಿ ಹೇಳಬೇಕಾದ ಉತ್ತರ ಎಲ್ಲವೂ ಒಂದೇ ಕಟ್ಟಿನಲ್ಲಿ ಸಿಗುತ್ತವೆ. ಹೋದ ವರ್ಷದ ರಿಪೋರ್ಟಿನ ಹೆಸರು ಅಳಿಸಿ ಈ ವರ್ಷದ ಹೆಸರು ಹಾಕಿದರೆ ಮುಗಿಯಿತು. ಮಗ ಬಂದು "ಪ್ರಾಜೆಕ್ಟಿಗೆ ದುಡ್ಡು ಕಟ್ಟಬೇಕು" ಎಂದರೆ ಯಾರಿಗೆ, ಯಾತಕ್ಕೆ ಎಂದು ಕೇಳಿ. ಒಂದು ಸೆನ್ಸರಿಗೋ ಸಣ್ಣ ಬೋರ್ಡಿಗೋ ಖರ್ಚಾಗುವುದು ಸಹಜ. ಆದರೆ ಪ್ರಾಯೋಜಕರು ಎನ್ನಿಸಿಕೊಂಡವರಿಗೇ ನೀವು ಹಣ ಕಟ್ಟುವುದಾದರೆ ಅದು ಪ್ರಾಯೋಜಿತವಲ್ಲ, ಖರೀದಿ.

ಇನ್ನು ನಾನು ಹೇಗೆ ಆರಿಸುತ್ತೇನೆ ಎಂಬ ವಿಷಯ. ಪ್ರಾಜೆಕ್ಟ್ ಕೊಡುತ್ತೇವೆ ಎಂದು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ತಂತ್ರಜ್ಞಾನದ್ದಲ್ಲ. "ವಾರಕ್ಕೆ ಒಂದು ಗಂಟೆ ಮಕ್ಕಳ ಜೊತೆ ಕೂರುವವರು ಯಾರು? ಅವರ ಹೆಸರು ಹೇಳಿ." ಅಷ್ಟೆ. ಇದಕ್ಕೆ ಬರುವ ಉತ್ತರದಲ್ಲಿ ಮುಕ್ಕಾಲು ನಿರ್ಧಾರ ಆಗಿಬಿಡುತ್ತದೆ. "ನಮ್ಮ ಟೀಮಿನವರು ಯಾರಾದರೂ ನೋಡಿಕೊಳ್ಳುತ್ತಾರೆ" ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಲೆಕ್ಕ. "ನಮ್ಮ ಎಚ್‌ಆರ್ ಜೊತೆ ಮಾತಾಡಿ" ಎಂದರೂ ಅಷ್ಟೆ. ಕೆಲಸ ಗೊತ್ತಿರುವ ಒಬ್ಬ ಮನುಷ್ಯ, ಅವನ ಫೋನ್ ನಂಬರು, ಅವನು ಸಿಗುವ ವಾರ ಮತ್ತು ಗಂಟೆ, ಇಷ್ಟು ಕಾಗದದ ಮೇಲೆ ಬರಬೇಕು. ಹಣ ಕೊಡದಿದ್ದರೂ ನಡೆದೀತು. ಮನುಷ್ಯನನ್ನು ಕೊಡದಿದ್ದರೆ ನಡೆಯುವುದಿಲ್ಲ.

ಎರಡನೆಯದು ಅವಸರ. ಕಂಪನಿಗೆ ಆ ಕೆಲಸ ಬೇಕಾಗಿರಬೇಕು, ಆದರೆ ನಾಳೆಯೇ ಬೇಕಾಗಿರಬಾರದು. ಬೇಕಾಗಿಯೇ ಇಲ್ಲದ ಕೆಲಸ ಕೊಟ್ಟರೆ ಎರಡೇ ತಿಂಗಳಲ್ಲಿ ಅವರು ಮಕ್ಕಳ ಫೋನು ಎತ್ತುವುದನ್ನು ಬಿಡುತ್ತಾರೆ. ನಾಳೆಯೇ ಬೇಕಾದ ಕೆಲಸ ಕೊಟ್ಟರೆ ಇಂಟರ್ನಲ್ಸ್ ಇದೆ, ದೀಪಾವಳಿ ರಜೆ ಇದೆ ಎಂದು ನಾವು ಹೇಳುವಾಗ ಅವರ ರಕ್ತದೊತ್ತಡ ಏರುತ್ತದೆ. ಕೊನೆಗೆ ಅವರೇ ರಾತ್ರೋರಾತ್ರಿ ಮಾಡಿ ಮುಗಿಸುತ್ತಾರೆ, ನಮ್ಮ ಮಕ್ಕಳು ಬೆಪ್ಪಾಗಿ ನಿಲ್ಲುತ್ತಾರೆ. ಗಿರಾಕಿಗೆ ಇಂಥ ತಾರೀಕಿಗೆ ಕೊಡುತ್ತೇವೆ ಎಂದು ಮಾತು ಕೊಟ್ಟ ಕೆಲಸವನ್ನು ವಿದ್ಯಾರ್ಥಿಗಳ ತಲೆಗೆ ಕಟ್ಟಬೇಡಿ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ.

ಮೂರನೆಯದು ಅಳತೆ. ಇದನ್ನು ಬಂದವರ ಎದುರೇ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ನಾಲ್ಕು ವಿದ್ಯಾರ್ಥಿಗಳು. ಪಾಠ, ಲ್ಯಾಬು, ಕ್ಯಾಂಪಸ್ ಇಂಟರ್‌ವ್ಯೂ ತಯಾರಿ ಬಿಟ್ಟು ಒಬ್ಬೊಬ್ಬರಿಗೆ ವಾರಕ್ಕೆ 8 ಗಂಟೆ ಸಿಕ್ಕರೆ ಪುಣ್ಯ. ಪರೀಕ್ಷೆ, ರಜೆ ಕಳೆದು ಉಳಿಯುವುದು ಸುಮಾರು 20 ವಾರ. ಗುಣಿಸಿದರೆ 640 ಗಂಟೆ. ಕಂಪನಿಯ ಒಬ್ಬ ಎಂಜಿನಿಯರ್ ವಾರಕ್ಕೆ 40 ಗಂಟೆ ದುಡಿಯುತ್ತಾನೆ ಎಂದಿಟ್ಟುಕೊಳ್ಳಿ, ಇದು ಅವನೊಬ್ಬನ 16 ವಾರದ ಕೆಲಸ. ಅಂದರೆ ನಾಲ್ಕು ತಿಂಗಳೂ ಪೂರ್ತಿ ಇಲ್ಲ. ಅದೂ ಅನುಭವಸ್ಥನದಲ್ಲ, ಈಗಷ್ಟೇ ಕಲಿಯುತ್ತಿರುವವರದು. "ನಾಲ್ಕು ಮಂದಿ, ಒಂದು ವರ್ಷ" ಎಂದು ಕೇಳಿ ಇಡೀ ಕಾರ್ಖಾನೆಯನ್ನೇ ಕಂಪ್ಯೂಟರಿಗೆ ಹಾಕಿಸುವ ಕನಸು ಕಂಡು ಬಂದವರ ಮುಖ ಈ ಲೆಕ್ಕ ನೋಡಿ ಸ್ವಲ್ಪ ಬಾಡುತ್ತದೆ.

"ಹಂಗಾದ್ರ ಇನ್ನೂ ನಾಲ್ಕು ಮಂದಿನ್ನ ಹಾಕ್ರಿ" ಎಂದವರೂ ಉಂಟು. ಐಬಿಎಂನಲ್ಲಿ ಬಹು ದೊಡ್ಡ ಸಾಫ್ಟ್‌ವೇರ್ ಕೆಲಸವೊಂದನ್ನು ನಡೆಸಿದ ಫ್ರೆಡ್ ಬ್ರೂಕ್ಸ್ ಎಂಬಾತ 1975ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೆ ಉತ್ತರ ಇದೆ. ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಹೊಸಬರಿಗೆ ತಿಳಿಸಿ ಹೇಳುವುದರಲ್ಲೇ ಹಳಬರ ಹೊತ್ತು ಹೋಗುತ್ತದೆ. ನಾಲ್ವರು ಒಬ್ಬರಿಗೊಬ್ಬರು ಮಾತಾಡಿಕೊಳ್ಳಲು 6 ಜೋಡಿ ಸಾಕು, ಎಂಟು ಜನ ಆದರೆ 28 ಜೋಡಿ ಬೇಕು. ಲೆಕ್ಕ ಹಾಕಿ ನೋಡಿ, ಹೈಸ್ಕೂಲಿನ ಮಕ್ಕಳೂ ಹಾಕಬಹುದು.

ಎರಡು ವರ್ಷದ ಹಿಂದೆ ಒಂದೇ ವಾರದಲ್ಲಿ ಬಂದ ಎರಡು ಕೋರಿಕೆಗಳ ವಿಷಯ ಹೇಳುತ್ತೇನೆ.

ಒಂದು, ಎಲ್ಲರೂ ಹೆಸರು ಕೇಳಿರುವ ಬೆಂಗಳೂರಿನ ಒಂದು ಕಂಪನಿಯದು. ಮೂರು ಸಾಲಿನ ಇಮೇಲ್. ಕೃತಕ ಬುದ್ಧಿಮತ್ತೆ ಬಳಸಿ ಗಿರಾಕಿಗಳ ಪ್ರಶ್ನೆಗೆ ಉತ್ತರ ಕೊಡುವ ಚಾಟ್‌ಬಾಟ್ ಮಾಡಬೇಕು, ಕೊನೆಗೆ ಸರ್ಟಿಫಿಕೇಟ್ ಕೊಡುತ್ತೇವೆ ಎಂದಿತ್ತು. ಯಾವ ಗಿರಾಕಿ, ಎಂಥ ಪ್ರಶ್ನೆ, ಉತ್ತರ ತಪ್ಪಾದರೆ ಏನಾಗುತ್ತದೆ ಎಂದು ಕೇಳಿ ಬರೆದೆ. ಹತ್ತು ದಿನದ ನಂತರ ಅದೇ ಮೂರು ಸಾಲು ಮತ್ತೊಮ್ಮೆ ಬಂತು.

ಇನ್ನೊಂದು ಇಲ್ಲಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯದು. ಬೆಳಗಾವಿಯಲ್ಲಿ ಎರಕದ ಕಾರ್ಖಾನೆಗಳು ಬಹಳ. ಕಬ್ಬಿಣ ಕರಗಿಸಿ, ಮರಳಿನ ಅಚ್ಚಿಗೆ ಸುರಿದು, ಪಂಪು, ಟ್ರ್ಯಾಕ್ಟರುಗಳ ಬಿಡಿಭಾಗ ತಯಾರಿಸಿ ಹೊರಗೆ ಕಳಿಸುವವರು ಇವರು. ಫೌಂಡ್ರಿಯ ಮಾಲೀಕರು ಸ್ವತಃ ಸ್ಕೂಟರಿನಲ್ಲಿ ಬಂದಿದ್ದರು. ಕೈಯಲ್ಲಿ ಮಸಿ ಹಿಡಿದ ಉದ್ದನೆಯ ನೋಟ್‌ಬುಕ್ಕು.

"ನೋಡ್ರಿ ಮೇಡಂ," ಎಂದು ಪುಟ ತೆರೆದರು. "ನಾವು ಮಾಲು ಕಳಸ್ತೀವಿ. ಅವರು ಮಷೀನಿಗೆ ಹಚ್ಚಿ ಕೊರದಾಗ ಒಳಗ ಗುಳ್ಳಿ ಕಾಣಸ್ತೈತಿ. ವಾಪಸ್ ಬರ್ತೈತಿ. ಅದು ಯಾವ ದಿನದ ಎರಕ, ಯಾರ ಪಾಳಿ, ಮರಳು ಹೆಂಗಿತ್ತು ಅಂತ ಈ ಬುಕ್ಕಿನ್ಯಾಗ ಹುಡುಕೂದ್ರಾಗ ಎರಡು ದಿನ ಹೋಗ್ತಾವು. ಹುಡುಕಿದ್ರೂ ಸಿಗೂದು ಅಷ್ಟಕ್ಕಷ್ಟ."

ವಾರಕ್ಕೆ ಒಂದು ಗಂಟೆ ಯಾರು ಕೊಡುತ್ತೀರಿ ಎಂದೆ. ಇಪ್ಪತ್ತು ವರ್ಷದಿಂದ ಮಾಲು ಪರೀಕ್ಷೆ ಮಾಡುವ ತಮ್ಮ ಸೂಪರ್‌ವೈಸರ್ ಹೆಸರು ಹೇಳಿದರು. ಶನಿವಾರ ಮಧ್ಯಾಹ್ನ ಮೂರರಿಂದ ನಾಲ್ಕು, ಅವತ್ತು ಭಟ್ಟಿ ಇರುವುದಿಲ್ಲ ಎಂದರು. ಅವಸರ ಇದೆಯೇ ಎಂದೆ. "ಮೂವತ್ತು ವರ್ಷ ಬುಕ್ಕಿನ್ಯಾಗ ನಡದೈತ್ರಿ, ಇನ್ನೊಂದು ವರ್ಷ ನಡೀಲಿ" ಎಂದು ನಕ್ಕರು. ಆಮೇಲೆ ತಾವಾಗಿಯೇ ಒಂದು ಷರತ್ತು ಹಾಕಿದರು. "ಹುಡುಗರು ಮೊದಲ ಒಂದು ವಾರ ಕಂಪ್ಯೂಟರ್ ತರೂದು ಬ್ಯಾಡ. ಸುಮ್ನ ನಿಂತು ನೋಡ್ಲಿ."

ನಾನು ಫೌಂಡ್ರಿಯನ್ನು ಒಪ್ಪಿದೆ, ಚಾಟ್‌ಬಾಟನ್ನು ಬಿಟ್ಟೆ. ಸುದ್ದಿ ಹರಡಿದ್ದೇ ತಡ, ಪಾಲಕರ ಅಸಮಾಧಾನ ಶುರುವಾಯಿತು. ಒಬ್ಬ ವಿದ್ಯಾರ್ಥಿನಿಯ ತಂದೆ ಚಿಕ್ಕೋಡಿ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದುಬಿಟ್ಟರು. ಪ್ರಾಥಮಿಕ ಶಾಲೆಯ ಮೇಷ್ಟ್ರು. ಮಾತು ಮೆತ್ತಗೆ, ಆದರೆ ಹೇಳಬೇಕಾದ್ದನ್ನು ಬಿಡುವವರಲ್ಲ.

"ಮೇಡಮ್ಮಾರ, ಸಾಲಾ ಮಾಡಿ ಓದಸಾಕತ್ತೀವಿ. ಕಂಪ್ಯೂಟರ್ ಓದಿದ ಹುಡುಗಿ ಕಬ್ಬಿಣ ಕರಗಿಸೂ ಜಾಗಾಕ್ಕ ಹೋಗೂದೇನ್ರಿ? ನಾಳೆ ಇಂಟರ್‌ವ್ಯೂದಾಗ ಆ ಕಾರ್ಖಾನಿ ಹೆಸರು ಹೇಳಿದ್ರ ಯಾರಿಗೆ ಗೊತ್ತಾಗ್ತೈತಿ?"

ಅವರ ಮಾತಿನಲ್ಲಿ ನ್ಯಾಯ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಬಯೋಡೇಟಾ ನೋಡುವವರು ಹೆಸರು ನೋಡುತ್ತಾರೆ, ಅದು ನಿಜ. ಮಗಳು ಭಟ್ಟಿಯ ಹತ್ತಿರ ಓಡಾಡುತ್ತಾಳೆ ಎಂಬ ಆತಂಕವೂ ನಿಜ. ಅವರನ್ನು ಕರೆದುಕೊಂಡು ಸೀದಾ ಫೌಂಡ್ರಿಗೇ ಹೋದೆ. ಮಕ್ಕಳು ಎಲ್ಲಿ ನಿಲ್ಲಬೇಕು, ಎಲ್ಲಿ ಹೋಗಬಾರದು ಎಂದು ಸೂಪರ್‌ವೈಸರ್ ಹಳದಿ ಗೆರೆ ತೋರಿಸಿದರು. ಮಾಲು ಪರೀಕ್ಷೆ ಮಾಡುವ ಜಾಗ ಭಟ್ಟಿಯಿಂದ ದೂರ, ಬೇರೆ ಶೆಡ್ಡಿನಲ್ಲಿತ್ತು. ಮೇಷ್ಟ್ರು ಅಲ್ಲಿದ್ದ ನೋಟ್‌ಬುಕ್ಕನ್ನು ತೆಗೆದು ಶಾಲೆಯ ಹಾಜರಿ ಪುಸ್ತಕ ನೋಡುವಂತೆ ಬೆರಳಿಟ್ಟು ಓದಿದರು. ಹತ್ತು ನಿಮಿಷ ಆದ ಮೇಲೆ, "ಇದರಾಗ ಒಂದನ್ನ ಮೂರು ಥರ ಬರದಾರಲ್ರಿ" ಎಂದರು.

ಸರಿಯಾಗಿ ಹಿಡಿದಿದ್ದರು! ಒಳಗೆ ಗಾಳಿ ಸಿಕ್ಕಿಕೊಂಡು ಆಗುವ ತೂತಿಗೆ ಕನ್ನಡ ಬರೆಯುವವರು 'ಗುಳ್ಳಿ' ಎಂದು, ಇನ್ನೊಬ್ಬರು 'ಹೋಲ್' ಎಂದು, ಮತ್ತೊಂದು ಪಾಳಿಯವರು 'ಬ್ಲೋ' ಎಂದು ಬರೆದಿದ್ದರು. ಮರಳು ಸೇರಿಕೊಂಡು ಆದ ದೋಷವನ್ನೂ ಕೆಲವರು 'ಹೋಲ್' ಎಂದೇ ಬರೆದಿದ್ದರು. ಒಂದೇ ಹೆಸರಿನಲ್ಲಿ ಎರಡು ರೋಗ, ಒಂದು ರೋಗಕ್ಕೆ ಮೂರು ಹೆಸರು. ಕಂಪ್ಯೂಟರಿಗೆ ಹಾಕುವ ಮೊದಲು ಬಿಡಿಸಬೇಕಾದ ಗಂಟು ಇದು. ಸೂಪರ್‌ವೈಸರ್ ಮತ್ತು ನಾಲ್ಕು ಮಕ್ಕಳು ಕೂತು ಇದನ್ನು ಬಿಡಿಸಲು ಆರು ಶನಿವಾರ ಹಿಡಿಯಿತು. ಆ ಆರು ವಾರದಲ್ಲಿ ಒಂದು ಸಾಲು ಪ್ರೋಗ್ರಾಂ ಕೂಡ ಹುಟ್ಟಲಿಲ್ಲ. ನನ್ನ ಪ್ರಕಾರ ಆ ವರ್ಷದ ಅತ್ಯುತ್ತಮ ಕೆಲಸ ಅದೇ.

ನಿಂತು ನೋಡಿದ ವಾರದಲ್ಲಿ ಮಕ್ಕಳಿಗೆ ಇನ್ನೂ ಕೆಲವು ಕಂಡವು. ಕೆಲಸಗಾರರು ಕೈಗವಸು ಹಾಕಿರುತ್ತಾರೆ, ಮೊಬೈಲಿನ ಸಣ್ಣ ಅಕ್ಷರ ಒತ್ತಲು ಆಗುವುದಿಲ್ಲ. ಶೆಡ್ಡಿನ ತಗಡಿನ ಕೆಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಮಸಿಯ ಧೂಳು ಪರದೆಯ ಮೇಲೆ ಕೂರುತ್ತದೆ. ಓದಲು ಬಾರದವರೂ ಇದ್ದಾರೆ, ಆದರೆ ದೋಷವನ್ನು ಕಣ್ಣಿನಿಂದಲೇ ಗುರುತಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದ್ದರಿಂದ ಪರದೆಯ ಮೇಲೆ ಅಕ್ಷರದ ಬದಲು ಆರು ದೊಡ್ಡ ಚಿತ್ರ ಬಂದವು, ಒಂದೊಂದು ದೋಷಕ್ಕೆ ಒಂದು. ಮಾಹಿತಿ ಮೊದಲು ಟ್ಯಾಬ್ಲೆಟ್ಟಿನಲ್ಲೇ ಉಳಿದು, ಆಫೀಸಿನ ಹತ್ತಿರ ಬಂದಾಗ ತಾನಾಗಿ ಕಂಪ್ಯೂಟರಿಗೆ ಹೋಗುವಂತೆ ಮಾಡಿದರು. ಇವೆಲ್ಲ ಪಠ್ಯಪುಸ್ತಕದಲ್ಲಿ 'ಬಳಕೆದಾರರ ಅಗತ್ಯ' ಎಂಬ ಒಣ ಶೀರ್ಷಿಕೆಯ ಕೆಳಗೆ ಇವೆ. ಮಕ್ಕಳು ಅದನ್ನು ಉರು ಹೊಡೆದು ಪರೀಕ್ಷೆಯಲ್ಲಿ ಬರೆದೂ ಇದ್ದರು.

ಎಲ್ಲವೂ ಸರಾಗವಾಗಿ ಆಗಲಿಲ್ಲ. ಜನವರಿಯಲ್ಲಿ ಸೂಪರ್‌ವೈಸರ್‌ಗೆ ಬೆನ್ನಿನ ಆಪರೇಷನ್ ಆಯಿತು. ಆರು ವಾರ ಮನೆಯಲ್ಲೇ ಇದ್ದರು. ಅದೇ ಹೊತ್ತಿಗೆ ಫೌಂಡ್ರಿಗೆ ದೊಡ್ಡ ಆರ್ಡರು ಬಂದು ಮಾಲೀಕರು ಊಟಕ್ಕೂ ಪುರಸೊತ್ತಿಲ್ಲದೆ ಓಡಾಡುತ್ತಿದ್ದರು. ಹಳೆಯ ದಾಖಲೆ ನೋಡಿ ಮುಂದೆ ಯಾವ ಎರಕ ಕೆಡಬಹುದು ಎಂದು ಮೊದಲೇ ಹೇಳುವ ಭಾಗವೊಂದನ್ನು ಮಕ್ಕಳು ಆಸೆಯಿಂದ ಯೋಜಿಸಿದ್ದರು. ಅದಕ್ಕೆ ಹಳೆಯ ಬುಕ್ಕುಗಳನ್ನು ಅರ್ಥ ಮಾಡಿಸುವವರು ಬೇಕಿತ್ತು, ಆ ಮನುಷ್ಯ ಹಾಸಿಗೆಯಲ್ಲಿದ್ದರು. ಗೈಡ್ ಆಗಿದ್ದ ನನ್ನ ಸಹೋದ್ಯೋಗಿ ಮತ್ತು ಮಕ್ಕಳು ಕೂತು ಆ ಭಾಗವನ್ನು ಪೂರ್ತಿ ತೆಗೆದುಹಾಕಿದರು. ದೋಷ ಬರೆದುಕೊಳ್ಳುವುದು, ವಾಪಸ್ ಬಂದ ಮಾಲಿನ ನಂಬರು ಕೊಟ್ಟರೆ ಅದರ ದಿನ, ಪಾಳಿ ತೋರಿಸುವುದು, ವಾರಕ್ಕೊಂದು ಪಟ್ಟಿ, ಇಷ್ಟೇ ಉಳಿಯಿತು.

ಕೊನೆಯ ವೈವಾಕ್ಕೆ ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಇದರಲ್ಲಿ ಎಐ ಎಲ್ಲಿದೆ?" ಎಂದು ಕೇಳಿದರು. ಮೇಷ್ಟ್ರ ಮಗಳು ಮುಚ್ಚುಮರೆ ಇಲ್ಲದೆ, "ಇಲ್ಲ ಸರ್, ಅದಕ್ಕೆ ಬೇಕಾದ ಮಾಹಿತಿ ಈಗಷ್ಟೇ ಕೂಡಿಡಲು ಶುರು ಮಾಡಿದ್ದೇವೆ" ಎಂದಳು. ಅಂಕ ಬಂದಾಗ, ಕಣ್ಣು ಕುಕ್ಕುವ ಡೆಮೊ ತೋರಿಸಿದ್ದ ಇನ್ನೊಂದು ಬ್ಯಾಚಿಗಿಂತ ಇವರಿಗೆ ಐದು ಕಡಿಮೆ. ಆ ಇನ್ನೊಂದು ಪ್ರೋಗ್ರಾಂ ಈಗ ಯಾರ ಲ್ಯಾಪ್‌ಟಾಪಿನ ಯಾವ ಮೂಲೆಯಲ್ಲಿದೆಯೋ ಗೊತ್ತಿಲ್ಲ. ಅಂಕ ಕೊಡುವ ನಮ್ಮ ಪದ್ಧತಿಯಲ್ಲೇ ಏನೋ ಊನವಿದೆ ಎಂಬುದು ನನ್ನ ಹಳೆಯ ತಕರಾರು. ಪರೀಕ್ಷಕರ ಮುಂದೆ ಹದಿನೈದು ನಿಮಿಷ ಓಡಿದ್ದಕ್ಕೆ ಸಿಗುವ ಬೆಲೆ, ಶೆಡ್ಡಿನಲ್ಲಿ ಮೂರು ತಿಂಗಳು ಓಡಿದ್ದಕ್ಕೆ ಸಿಗುವುದಿಲ್ಲ.

ಕಾಗದಪತ್ರದ ವಿಷಯ ಪಾಲಕರು ಸಾಮಾನ್ಯವಾಗಿ ನೋಡುವುದೇ ಇಲ್ಲ. ನೋಡಬೇಕು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಒಂದು ಸಾಹಿತ್ಯ ಕೃತಿ. ಕಥೆ ಬರೆದವರಿಗೆ ಕಥೆಯ ಮೇಲೆ ಹಕ್ಕು ಇರುವಂತೆ, ಪ್ರೋಗ್ರಾಂ ಬರೆದವರಿಗೆ ಅದರ ಮೇಲೆ ಹಕ್ಕು ಇರುತ್ತದೆ. ಸಂಬಳಕ್ಕೆ ದುಡಿಯುವ ನೌಕರ ಕೆಲಸದ ಭಾಗವಾಗಿ ಬರೆದಿದ್ದು ಸಾಮಾನ್ಯವಾಗಿ ಮಾಲೀಕರದ್ದಾಗುತ್ತದೆ, ಆದರೆ ವಿದ್ಯಾರ್ಥಿ ನೌಕರನಲ್ಲ. ಹಕ್ಕು ಕಂಪನಿಗೆ ಹೋಗಬೇಕಾದರೆ ಬರಹದಲ್ಲಿ ಒಪ್ಪಂದವಾಗಿ ಸಹಿ ಬೀಳಬೇಕು. ಹಕ್ಕು ಕೊಡುವುದು ತಪ್ಪೇನಲ್ಲ. ಎಷ್ಟೋ ಸಲ ಕೊಡುವುದೇ ಸರಿ, ಫೌಂಡ್ರಿಯವರ ಕೆಲಸದ ಗುಟ್ಟು ಊರಿಗೆಲ್ಲ ಹಂಚುವಂಥದ್ದಲ್ಲ. ಏನು ಕೊಟ್ಟೆವು ಎಂದು ಗೊತ್ತಿದ್ದು ಕೊಡಬೇಕು, ಅಷ್ಟೆ. ಮಗಳು ಯಾವುದೇ ಕಾಗದಕ್ಕೆ ಸಹಿ ಹಾಕಿದರೆ ಅದರ ಒಂದು ಪ್ರತಿ ಮನೆಯಲ್ಲಿ ಇರಲಿ.

ಗೋಪ್ಯತೆಯ ಕರಾರು ಎಂದು ಇನ್ನೊಂದು ಬರುತ್ತದೆ. ನೋಡಿದ್ದನ್ನು ಹೊರಗೆ ಹೇಳುವುದಿಲ್ಲ ಎಂಬ ಮಾತು. ಇದೂ ನ್ಯಾಯವೇ, ಆದರೆ ಕೆಲವು ಕರಾರುಗಳನ್ನು ಅಕ್ಷರಶಃ ಪಾಲಿಸಿದರೆ ಮಗು ಪರೀಕ್ಷಕರ ಮುಂದೆ ಬಾಯಿ ಬಿಡುವಂತಿಲ್ಲ! ಆಗ ಅಂಕ ಕೊಡುವುದು ಯಾವುದಕ್ಕೆ? ವೈವಾದಲ್ಲಿ ತೋರಿಸಬಹುದು, ರಿಪೋರ್ಟು ಕಾಲೇಜಿನಲ್ಲಿ ಇರಬಹುದು, ಆದರೆ ಅಸಲಿ ಅಂಕಿ-ಅಂಶದ ಬದಲು ಕಲ್ಪಿತ ಅಂಕಿ-ಅಂಶ ಹಾಕುತ್ತೇವೆ ಎಂದು ಒಂದು ಸಾಲು ಸೇರಿಸಲು ನಾನು ಕೇಳುತ್ತೇನೆ. ಇದಕ್ಕೆ ಒಪ್ಪದವರ ಪ್ರಾಜೆಕ್ಟ್ ಎಷ್ಟೇ ಚೆನ್ನಾಗಿದ್ದರೂ ತೆಗೆದುಕೊಳ್ಳುವುದಿಲ್ಲ.

ಜನರ ಖಾಸಗಿ ಮಾಹಿತಿ ಇರುವಲ್ಲಿ ಇನ್ನೂ ಎಚ್ಚರ ಬೇಕು. ಒಂದು ನರ್ಸಿಂಗ್ ಹೋಮಿನವರು ಪ್ರಾಜೆಕ್ಟ್ ಕೊಡುತ್ತೇವೆ ಎಂದು ಬಂದಾಗ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಸಾವಿರಾರು ರೋಗಿಗಳ ಹೆಸರು, ಫೋನು, ಕಾಯಿಲೆ ಎಲ್ಲ ಇದ್ದವು. ನಮ್ಮ ಹಾಸ್ಟೆಲಿನ ಹುಡುಗರ ಜೇಬಿನಲ್ಲಿ ಓಡಾಡಬೇಕಾದ ವಸ್ತುವೇ ಅದು? ಹಾಗೇ ವಾಪಸ್ ಕೊಟ್ಟೆ. 2023ರಲ್ಲಿ ನಮ್ಮ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದೇ ಒಂದು ಕಾಯ್ದೆ ಮಾಡಿದೆ. ಕಾಯ್ದೆ ಇರದಿದ್ದರೂ, ನಿಮ್ಮ ಕಾಯಿಲೆಯ ವಿಷಯ ಯಾರೋ ವಿದ್ಯಾರ್ಥಿಯ ಫೋನಿನಲ್ಲಿ ಇರಲಿ ಎಂದು ನೀವು ಬಯಸುತ್ತೀರಾ?

ಮಕ್ಕಳನ್ನು ಬಿಟ್ಟಿ ಆಳುಗಳಂತೆ ಬಳಸಿಕೊಳ್ಳುವುದು ಇನ್ನೊಂದು ಕಾಟ. ಒಂದು ಕಡೆ ನಮ್ಮ ಒಂದು ಬ್ಯಾಚಿಗೆ ಮೂರು ತಿಂಗಳು ಫೋಟೋಗಳಿಗೆ ಚೀಟಿ ಹಚ್ಚುವ ಕೆಲಸ ಕೊಟ್ಟಿದ್ದರು. ಇದು ಕಾರು, ಇದು ಬೈಕು, ಇದು ಲಾರಿ ಎಂದು ಗುರುತು ಹಾಕುತ್ತಾ ಕೂರುವುದು. ಒಪ್ಪಿದ ಕಾಗದದಲ್ಲಿ ಇದ್ದದ್ದೇ ಬೇರೆ. ನಡುವಿನ ರಿವ್ಯೂನಲ್ಲಿ ವಿಷಯ ಗೊತ್ತಾಗಿ ಮಕ್ಕಳನ್ನು ವಾಪಸ್ ಕರೆಸಿಕೊಂಡೆವು. ಅಂದಿನಿಂದ ಪ್ರತಿ ಕೋರಿಕೆಗೂ ಒಂದು ಪರೀಕ್ಷೆ ಹಚ್ಚುತ್ತೇನೆ: ಈ ಕೆಲಸದಲ್ಲಿ ಮಕ್ಕಳು ತಾವೇ ತೀರ್ಮಾನಿಸಬೇಕಾದ ಸಂಗತಿ ಏನಾದರೂ ಇದೆಯೇ? ಎಲ್ಲವನ್ನೂ ಮೊದಲೇ ತೀರ್ಮಾನಿಸಿ ಬರೀ ಕೈ ಕೇಳುವವರಿಗೆ ಸಂಬಳ ಕೊಟ್ಟು ಆಳು ಇಟ್ಟುಕೊಳ್ಳಿ ಎನ್ನುತ್ತೇನೆ.

ಕಂಪನಿ ಸಿಗದ ಮಕ್ಕಳ ಕಥೆ ಏನು ಎಂದು ನೀವು ಕೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುತ್ತಾ ಬಂದಿದೆ. ಕಾಲೇಜಿನ ಮೂಲಕ ಅರ್ಜಿ ಹಾಕಬೇಕು. ಊರಿನ ಹಾಲಿನ ಸೊಸೈಟಿ, ಗ್ರಂಥಾಲಯ, ಎಪಿಎಂಸಿ ಅಂಗಡಿ ಇವುಗಳಲ್ಲಿ ಸಿಗುವ ತೊಂದರೆಗಳನ್ನೂ ಅಲ್ಲಿಗೆ ಒಯ್ಯಬಹುದು. 2017ರಿಂದ ನಡೆಯುತ್ತಿರುವ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಕೇಂದ್ರದ ಸಚಿವಾಲಯಗಳು, ಕಂಪನಿಗಳು ತಮ್ಮ ಸಮಸ್ಯೆಗಳನ್ನು ಬರೆದು ಕೊಡುತ್ತವೆ. ಹ್ಯಾಕಥಾನ್ ಎಂದರೆ ಒಂದೆರಡು ದಿನದ ಜಾತ್ರೆ, ವರ್ಷದ ಬೇಸಾಯವಲ್ಲ. ಆದರೆ ಒಂದು ಸಮಸ್ಯೆಯನ್ನು ಬರಹದಲ್ಲಿ ಹೇಗೆ ಇಡುತ್ತಾರೆ ಎಂದು ಓದಿ ನೋಡಲು ಒಳ್ಳೆಯ ಜಾಗ.

ಈ ಪತ್ರಿಕೆ ಓದುವ ಹೈಸ್ಕೂಲು, ಪಿಯುಸಿ ಮಕ್ಕಳಿಗೂ ಒಂದು ಕೆಲಸ ಹೇಳುತ್ತೇನೆ. ಕಂಪ್ಯೂಟರ್ ಬೇಡ. ನಿಮ್ಮ ಶಾಲೆಯ ಲೈಬ್ರರಿಯಲ್ಲೋ, ಮನೆ ಹತ್ತಿರದ ಕಿರಾಣಿ ಅಂಗಡಿಯಲ್ಲೋ ಉದ್ರಿ ಬರೆಯುವ ನೋಟ್‌ಬುಕ್ ಇರುತ್ತದಲ್ಲ, ಅದರ ಮುಂದೆ ಒಂದು ತಾಸು ಕೂತು ನೋಡಿ. ಅಂಗಡಿಯವರನ್ನು ಕೇಳಿಯೇ ನೋಡಿ ಮತ್ತೆ! ಯಾರು ಬರೆಯುತ್ತಾರೆ, ಯಾವಾಗ ಬರೆಯಲು ಮರೆಯುತ್ತಾರೆ, ಹೊಡೆದು ಹಾಕಿ ತಿದ್ದಿದ್ದು ಯಾಕೆ, ಯಾವ ಪುಟವನ್ನು ಮತ್ತೆ ಮತ್ತೆ ತಿರುವಿ ಹುಡುಕುತ್ತಾರೆ. ಐದು ಸಾಲಿನಲ್ಲಿ ಬರೆದು ಅಂಗಡಿಯವರಿಗೇ ಓದಿ ಹೇಳಿ. "ಹೌದು, ಇದೇ ನನ್ನ ತಲೆನೋವು" ಎಂದು ಅವರು ತಲೆಯಾಡಿಸಿದರೆ, ನಮ್ಮ ಕೊನೆಯ ವರ್ಷದವರಲ್ಲಿ ಕೆಲವರು ಇನ್ನೂ ಮಾಡಲಾಗದ್ದನ್ನು ನೀವು ಮಾಡಿದ್ದೀರಿ.

ಫೌಂಡ್ರಿಯ ಟ್ಯಾಬ್ಲೆಟ್ಟಿನ ಗಾಜು ಹೋದ ಮಳೆಗಾಲದಲ್ಲಿ ಒಡೆಯಿತು. ಈಗ ಒಂದು ಹಳೆಯ ಮೊಬೈಲಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಅದರಲ್ಲೇ ನಡೆಸುತ್ತಿದ್ದಾರೆ. ಪರದೆ ಸಣ್ಣದಾಗಿದ್ದರಿಂದ ಆರು ಚಿತ್ರಗಳು ಇಕ್ಕಟ್ಟಾಗಿವೆ, ಕೈಗವಸಿನ ಬೆರಳು ಒಂದರ ಬದಲು ಇನ್ನೊಂದರ ಮೇಲೆ ಬೀಳುತ್ತದೆ ಎಂದು ಸೂಪರ್‌ವೈಸರ್ ದೂರಿದ್ದಾರೆ. ಬೆನ್ನು ಸುಧಾರಿಸಿದೆ, ಶನಿವಾರದ ಮೂರರಿಂದ ನಾಲ್ಕು ಮತ್ತೆ ಅವರದೇ. ಈ ವರ್ಷದ ನಾಲ್ವರು ಬರುವ ವಾರ ಅಲ್ಲಿಗೆ ಹೊರಟಿದ್ದಾರೆ. ಮೊದಲ ವಾರ ಲ್ಯಾಪ್‌ಟಾಪ್ ಒಯ್ಯುವಂತಿಲ್ಲ ಎಂದು ಅವರಿಗೆ ಹೇಳಿದ್ದೇನೆ.